‘ಡ’ ಆದ ಮೇಲೆ

ನಿವೃತ್ತಿಯಾದ ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೈಗಡಿಯಾರ ಕಟ್ಟಿಕೊಂಡಳು. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಸರಿಯಾಗಿ ಹತ್ತು ಗಂಟೆಗೆ ಒಳಕೋಣೆಗೆ ಹೋಗಿ ಅಲಮಾರಿನ ಬಾಗಿಲು ತೆಗೆದಳು. ಅದನ್ನು ತೆಗೆದು ಆರು ವರ್ಷವಾಗಿತ್ತು. ಒಳಗೆ ಮೂರು ಅರೆಗಳ ತುಂಬ ಗ್ರಾಮಫೋನ್ ತಟ್ಟೆಗಳು ತಮ್ಮ ತಮ್ಮ ರಟ್ಟಿನ ಚೀಲಗಳಲ್ಲಿ ನೆಟ್ಟಗೆ ನಿಂತಿದ್ದವು, ‘ಅ’ದಿಂದ ‘ಡ’ದವರೆಗೆ. ‘ತ’ದಿಂದ ಮುಂದಿನವು ಆ ಮನೆಯಲ್ಲಿ ಇರಲಿಲ್ಲ. ಅವು ಆರು ಬಸ್ ನಿಲ್ದಾಣದಾಚೆ ಅವಳ ಅಕ್ಕನ ಮನೆಯಲ್ಲಿದ್ದವು. ಅಕ್ಕತಂಗಿಯರ ನಡುವೆ ಮಾತು ನಿಂತೂ ಆರು ವರ್ಷವಾಗಿತ್ತು.

ಇಬ್ಬರೂ ಟೆಲಿಫೋನ್ ಕಚೇರಿಯ ಡೈರೆಕ್ಟರಿ ವಿಭಾಗದಲ್ಲಿ ಕೆಲಸ ಮಾಡಿದವರು. ಅದು ಎಂಥ ಕೆಲಸವೆಂದು ಈಗಿನವರಿಗೆ ತಿಳಿಸಿ ಹೇಳಬೇಕಾಗುತ್ತದೆ. ಫೋನು ಪಡೆದ ಪ್ರತಿಯೊಬ್ಬರ ಹೆಸರಿಗೂ ಒಂದು ಕಾರ್ಡು. ಆ ಕಾರ್ಡುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿ, ವರ್ಷಕ್ಕೊಮ್ಮೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವಾಗಿ ಅಚ್ಚಿಗೆ ಕಳಿಸಬೇಕು. ಉದ್ದನೆಯ ಮರದ ಟ್ರೇಗಳು, ಬೆರಳಿಗೆ ರಬ್ಬರಿನ ಟೊಪ್ಪಿ, ಮೇಲೊಂದು ಟ್ಯೂಬ್‌ಲೈಟು. ಬೆಳಗಿನಿಂದ ಸಂಜೆಯವರೆಗೆ ಕಾರ್ಡು ಸರಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಕ್ಕ ಮೊದಲು ಸೇರಿದಳು, ಮೂರು ವರ್ಷದ ನಂತರ ತಂಗಿ. ಕಚೇರಿಯವರು ಅಕ್ಕನಿಗೆ ದೊಡ್ಡ ಡೈರೆಕ್ಟರಿ ಎಂದೂ ತಂಗಿಗೆ ಸಣ್ಣ ಡೈರೆಕ್ಟರಿ ಎಂದೂ ಹೆಸರಿಟ್ಟಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲವಾದರೂ ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರಿಗೂ ಒಳಗೊಳಗೇ ಹೆಮ್ಮೆಯಿತ್ತು.

ತಂಗಿ ಕೆಲಸಕ್ಕೆ ಸೇರಿದ ದಿನ ಅಕ್ಕ ಹೇಳಿಕೊಟ್ಟ ಪಾಠ ಒಂದೇ. ಕಳೆದುಹೋದ ಕಾರ್ಡಿಗೆ ಹೆದರಬೇಡ, ಅದನ್ನು ಜನ ಹುಡುಕುತ್ತಾರೆ. ತಪ್ಪು ಜಾಗದಲ್ಲಿ ಕೂತ ಕಾರ್ಡಿಗೆ ಹೆದರು, ಅದನ್ನು ಯಾರೂ ಹುಡುಕುವುದಿಲ್ಲ. ಮೂವತ್ತಮೂರು ವರ್ಷದ ಸೇವೆಯಲ್ಲಿ ಅಕ್ಕ ಒಂದು ಕಾರ್ಡನ್ನೂ ತಪ್ಪು ಜಾಗದಲ್ಲಿಟ್ಟವಳಲ್ಲ. ತಂಗಿಯದು ಎರಡು ತಪ್ಪು. ಎರಡರ ತಾರೀಖೂ ಅಕ್ಕನಿಗೆ ಬಾಯಿಪಾಠ. ಮಾತಿಗೆ ಮಾತು ಬೆಳೆದಾಗ ಆ ತಾರೀಖುಗಳು ಹೊರಗೆ ಬರುತ್ತಿದ್ದವು.

ತಾಯಿ ಹೋದ ಮೇಲೆ ಇಬ್ಬರೂ ಒಂದು ಮಹಡಿ ಮನೆಯ ಎರಡು ಕೋಣೆಗಳಲ್ಲಿ ಇದ್ದರು. ಮದುವೆಯ ಮಾತು ಬಂದಾಗ ಅಕ್ಕ ತಂಗಿಯದಾಗಲಿ ಎಂದಳು, ತಂಗಿ ಅಕ್ಕನದು ಮೊದಲಾಗಲಿ ಎಂದಳು. ಹೀಗೆ ಒಬ್ಬರಿಗೊಬ್ಬರು ದಾರಿ ಬಿಡುತ್ತ ಬಾಗಿಲಲ್ಲೇ ನಿಂತವರ ಹಾಗೆ ವಯಸ್ಸು ಕಳೆಯಿತು. ಇದ್ದ ಒಂದೇ ಖಯಾಲಿ ಎಂದರೆ ಸಂಗೀತ. ತಿಂಗಳಿಗೊಂದು ತಟ್ಟೆ, ಹಳೆಯ ಸಾಮಾನಿನ ಅಂಗಡಿಯಿಂದ, ಇಬ್ಬರೂ ಕೂಡಿ ತರುತ್ತಿದ್ದರು. ತಂದ ಕೂಡಲೇ ಅದಕ್ಕೊಂದು ಕಾರ್ಡು. ಮೇಲೆ ಅಕ್ಷರ ಮತ್ತು ಸಂಖ್ಯೆ, ಅದರ ಕೆಳಗೆ ಹೆಸರು, ತಂದ ದಿನ, ತಟ್ಟೆಯ ದೋಷ. ಕೊನೆಯ ಸಾಲಿನಲ್ಲಿ ಡೈರೆಕ್ಟರಿಯಲ್ಲಿರುವಂತೆಯೇ ‘ನೋಡಿ’ ಎಂಬ ಸೂಚನೆ: ಇದೇ ಗಾಯಕಿಯ ಇನ್ನೊಂದು ತಟ್ಟೆ ಎಲ್ಲಿದೆ, ಇದೇ ವಾದ್ಯ ಬೇರೆ ಎಲ್ಲಿ ಸಿಗುತ್ತದೆ, ಇತ್ಯಾದಿ. ಕಾರ್ಡು ಬರೆಯುವವಳು ಅಕ್ಕ. ದೋಷದ ಸಾಲಿನಲ್ಲಿ ಅವಳು ತನ್ನ ಅಭಿಪ್ರಾಯವನ್ನೂ ಸೇರಿಸುತ್ತಿದ್ದಳು. ‘ಎರಡನೇ ಮಗ್ಗುಲು, ಮೂರನೇ ಹಾಡು: ಗೀರು ಇಲ್ಲ, ಗಾಯಕನೇ ದೋಷ. ಈ ಹೊತ್ತಿನಲ್ಲಿ ಪಾತ್ರೆ ತೊಳೆಯಬಹುದು.’ ಕಚೇರಿಯಲ್ಲಿ ನಗುವ ಹೆಂಗಸಲ್ಲ ಅವಳು. ನಗುವನ್ನೆಲ್ಲ ಕಾರ್ಡಿನ ಮೇಲೆ ಖರ್ಚು ಮಾಡುತ್ತಿದ್ದಳು.

ತಟ್ಟೆಗಳಲ್ಲಿ ಯಾವುದು ಯಾರಿಗೆ ಪ್ರಿಯ ಎಂದು ಕಾರ್ಡಿನಲ್ಲಿ ಬರೆಯುವ ಪದ್ಧತಿ ಇರಲಿಲ್ಲ. ಬರೆಯದೆಯೂ ಗೊತ್ತಿತ್ತು. ಅಕ್ಕನಿಗೆ ‘ಇಳಿಹೊತ್ತಿನ ಕೊಳಲು’, ಇ-೪. ತಂಗಿಗೆ ‘ಮೂರು ಪಿಟೀಲು’, ಮ-೧೪. ತಂಗಿಗೆ ಸಿಟ್ಟು ಬಂದಾಗ ಮಾತ್ರ ಹೊರಬರುವ ತಟ್ಟೆಯೂ ಒಂದಿತ್ತು: ‘ಡೋಲು ಮತ್ತು ಹೆಜ್ಜೆ’, ಡ-೨. ಬೇರೆ ಯಾವುದೋ ತಟ್ಟೆಯ ಚೀಲದಲ್ಲಿ ತಪ್ಪಿ ಬಂದದ್ದು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಅಕ್ಕನ ಜೊತೆ ಜಗಳವಾದಾಗಲೆಲ್ಲ ತಂಗಿ ಅದನ್ನು ಪೂರ್ತಿ ಗಟ್ಟಿಯಾಗಿ ಹಾಕುತ್ತಿದ್ದಳು. ಕೆಳಮನೆಯ ದರ್ಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಇವತ್ತು ಮೇಲೆ ಯುದ್ಧ ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು.

ಆರು ವರ್ಷದ ಹಿಂದೆ ಎರಡು ಸಂಗತಿಗಳು ಒಟ್ಟಿಗೆ ಆದವು. ಡೈರೆಕ್ಟರಿ ಅಚ್ಚು ಹಾಕುವುದನ್ನು ಕಚೇರಿ ನಿಲ್ಲಿಸಿತು. ಅದೇ ತಿಂಗಳು ಐವತ್ತೇಳು ವರ್ಷದ ಅಕ್ಕ, ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಬಂದು, ತಾನು ಮದುವೆಯಾಗುತ್ತಿರುವುದಾಗಿ ತಂಗಿಗೆ ತಿಳಿಸಿದಳು. ಗಂಡು ಗಡಿಯಾರ ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡವನು, ಸಭ್ಯ. ಕಚೇರಿಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಹನ್ನೊಂದು ವರ್ಷದಿಂದ ಬರುತ್ತಿದ್ದ. ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲೇ ಕೂತಿದ್ದ ತಂಗಿಯ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಅವಳಿಗೆ ಹೆಚ್ಚು ನೋವಾದದ್ದು ಮದುವೆಯಿಂದಲೋ, ತನ್ನ ಕಣ್ಣು ತಪ್ಪಿತೆಂಬುದರಿಂದಲೋ, ಹೇಳುವುದು ಕಷ್ಟ.

“ಐವತ್ತೇಳಕ್ಕೆ ಮದುವೆ ಅಂದ್ರೆ ಡೈರೆಕ್ಟರಿ ಅಚ್ಚಾದ್ಮೇಲೆ ಹೆಸರು ಸೇರಿಸಿದ ಹಾಗೆ,” ಎಂದಳು. “ತಿದ್ದುಪಡಿ ಪುಟದಲ್ಲಿ ಬರುತ್ತೆ. ಕೊನೇಲಿ. ಸಣ್ಣ ಅಕ್ಷರದಲ್ಲಿ.”

“ತಿದ್ದುಪಡಿ ಪುಟಾನೂ ಜನ ಓದ್ತಾರೆ,” ಎಂದಳು ಅಕ್ಕ.

ಆ ಮೇಲೆ ಆಡಿದ ಮಾತುಗಳೆಲ್ಲ ಸಾಮಾನಿನ ಬಗ್ಗೆ. ತಟ್ಟೆಗಳೆಲ್ಲ ನಿನಗೇ ಇರಲಿ ಎಂದಳು ಅಕ್ಕ. ಯಾರ ಭಿಕ್ಷೆಯೂ ಬೇಡ, ಅರ್ಧ ಅರ್ಧ ಎಂದಳು ತಂಗಿ. ಅರ್ಧ ಎಂದರೆ ಹೇಗೆ? ಬೇರೆ ಯಾರೇ ಆದರೂ ನಿನಗೆ ಯಾವುದು ಇಷ್ಟ, ನನಗೆ ಯಾವುದು ಇಷ್ಟ ಎಂದು ಆರಿಸಿಕೊಳ್ಳುತ್ತಿದ್ದರು. ಈ ಇಬ್ಬರು ಹಾಗೆ ಮಾಡುವವರಲ್ಲ. ಇಂಥದ್ದು ನನಗೆ ಬೇಕು ಎಂದರೆ ಕೇಳಿದ ಹಾಗಾಗುತ್ತದೆ. ಕೇಳಿದರೆ ಸೋತ ಹಾಗೆ. ಅಕ್ಷರಕ್ಕೆ ಪಕ್ಷಪಾತವಿಲ್ಲ, ಅಕ್ಷರದ ಮೇಲೆ ಹಂಚೋಣ ಎಂದು ತಂಗಿಯೇ ಸೂಚಿಸಿದಳು. ಸ್ವರಗಳಿಂದ ‘ಣ’ದವರೆಗೆ ಒಂದು ಪಾಲು, ‘ತ’ದಿಂದ ಕೊನೆಯವರೆಗೆ ಇನ್ನೊಂದು. ಯಾವುದು ಬೇಕೋ ಮೊದಲು ನೀನೇ ಹೇಳು ಎಂದಳು. ಅಕ್ಕ ಎರಡನೆಯ ಪಾಲು ಕೇಳಿದಳು.

ಎರಡನೆಯದರಲ್ಲಿ ‘ಮ’ ಇತ್ತು. ‘ಮ’ದಲ್ಲಿ ಮೂರು ಪಿಟೀಲು ಇತ್ತು. ತನ್ನ ಪ್ರಾಣದಂಥ ತಟ್ಟೆಯನ್ನು ಅಕ್ಕ ಬೇಕೆಂದೇ ಒಯ್ಯುತ್ತಿದ್ದಾಳೆ ಎಂದು ತಂಗಿಗೆ ಆ ಕ್ಷಣದಲ್ಲೇ ಖಾತ್ರಿಯಾಯಿತು. ಅವಳು ಅಡುಗೆಮನೆಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ ಕೂತಳು. ಒಳಕೋಣೆಯಲ್ಲಿ ಅಕ್ಕ ತನ್ನ ಪಾಲಿನ ತಟ್ಟೆಗಳನ್ನೂ ಕಾರ್ಡುಗಳನ್ನೂ ಪೆಟ್ಟಿಗೆಗೆ ತುಂಬುವ ಸದ್ದು ಒಂದು ಗಂಟೆ ಕೇಳಿತು. ಹೋಗುವಾಗ ಅಕ್ಕ ಏನೋ ಹೇಳಿದಳು. ತಂಗಿ ನಲ್ಲಿ ಬಿಟ್ಟುಕೊಂಡಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂಬ ಗಾದೆ ಅವಳಿಗೆ ಗೊತ್ತಿಲ್ಲದ್ದಲ್ಲ.

ಅವತ್ತು ಅವಳು ಡೋಲಿನ ತಟ್ಟೆಯನ್ನೂ ಹಾಕಲಿಲ್ಲ. ಅಲಮಾರಿಗೆ ಕೀಲಿ ಹಾಕಿದಳು. ಮದುವೆಗೆ ಹೋಗಲಿಲ್ಲ. ಕಚೇರಿಯಲ್ಲಿ ಅವಳನ್ನು ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹಾಕಿದರು. ಬಂದ ಅರ್ಜಿಗಳನ್ನು ಹೆಸರಿನ ಪ್ರಕಾರ ಜೋಡಿಸಿಡುತ್ತಿದ್ದಳು. ಬಂದ ಹೊತ್ತಿನ ಪ್ರಕಾರ ಇಟ್ಟರೆ ಸಾಕು ಎಂದು ಮೇಲಿನವರು ಎರಡು ಸಲ ತಿಳಿಸಿ ಹೇಳಿ ಕೈಬಿಟ್ಟರು. ಹೀಗೆ ಆರು ವರ್ಷ.

ಈಗ ನಿವೃತ್ತಿಯ ಮೊದಲ ಬೆಳಿಗ್ಗೆ ಅವಳು ಅಲಮಾರು ತೆಗೆದದ್ದು ಮನಸ್ಸು ಕರಗಿತೆಂದಲ್ಲ. ಹತ್ತರಿಂದ ಐದರವರೆಗಿನ ಹೊತ್ತನ್ನು ಏನಾದರೂ ಮಾಡಬೇಕಿತ್ತು. ಅ-೧ರಿಂದ ಶುರು ಮಾಡಿ ದಿನಕ್ಕೊಂದು ತಟ್ಟೆ, ಎರಡೂ ಮಗ್ಗುಲು, ಒಂದು ಹಾಡನ್ನೂ ಹಾರಿಸದೆ, ಕುರ್ಚಿಯ ಮೇಲೆ ನೆಟ್ಟಗೆ ಕೂತು ಕೇಳುವುದು ಎಂದು ನಿಶ್ಚಯಿಸಿಕೊಂಡಳು. ಕೇಳಿದ ಮೇಲೆ ಕಾರ್ಡಿನ ಹಿಂದೆ ತಾರೀಖು. ನೂರ ಎಂಬತ್ತಮೂರು ತಟ್ಟೆ, ನೂರ ಎಂಬತ್ತಮೂರು ದಿನ. ಆ ಮೇಲೆ? ಆ ಮೇಲೆ ‘ತ’. ‘ತ’ ಬೇಕೆಂದರೆ ಆರು ನಿಲ್ದಾಣ ದಾಟಿ ಹೋಗಿ ಒಂದು ಬಾಗಿಲು ತಟ್ಟಬೇಕು. ತಾನು ತಟ್ಟುವವಳಲ್ಲ, ‘ಡ’ಕ್ಕೇ ಮುಗಿಯಿತೆಂದುಕೊಳ್ಳುವವಳು ಎಂದು ಅವಳು ಮೊದಲ ದಿನವೇ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವ ಅಗತ್ಯ ಬಿತ್ತೆಂಬುದನ್ನು ಗಮನಿಸಲಿಲ್ಲ.

ಪ್ಲೇಯರಿನ ರಬ್ಬರ್ ಪಟ್ಟಿ ಹೋಗಿತ್ತು. ದರ್ಜಿಯಮ್ಮ ಹೊಲಿಗೆ ಯಂತ್ರದ ಹಳೆಯ ಪಟ್ಟಿಯೊಂದನ್ನು ಕತ್ತರಿಸಿ ಕೂಡಿಸಿಕೊಟ್ಟಳು. ಹಾಡು ಒಂದು ಎಳೆ ನಿಧಾನವಾಯಿತು, ಗಾಯಕಿಯರಿಗೆಲ್ಲ ಸ್ವಲ್ಪ ವಯಸ್ಸಾದ ಹಾಗೆ. ಅ-೧, ‘ಅಂಗಳದ ಹಾಡುಗಳು.’ ಬೆಳಗಿನ ಬಿಸಿಲಿನಲ್ಲಿ, ಖಾಲಿ ಕುರ್ಚಿಯ ಎದುರು, ಒಬ್ಬಳೇ ಕೂತು ಕೇಳಿದಳು. ಮುಗಿದಾಗ ಹತ್ತೂ ಮುಕ್ಕಾಲು. ಐದಕ್ಕೆ ಇನ್ನೂ ಆರೂಕಾಲು ಗಂಟೆ ಇತ್ತು.

ಸಂಗೀತವನ್ನು ಒಬ್ಬರೇ ಕೇಳುವುದು ಅಂಥ ಕಷ್ಟವಲ್ಲ. ಕೇಳಿದ ಮೇಲೆ ‘ಈ ಮನುಷ್ಯ ಇಲ್ಲಿ ಉಸಿರು ಕದ್ದ, ನೋಡು’ ಎಂದು ಹೇಳಲು ಪಕ್ಕದಲ್ಲಿ ಯಾರೂ ಇಲ್ಲದಿರುವುದು ಕಷ್ಟ. ಅವಳು ಅಂಥ ಮಾತುಗಳನ್ನು ಮೊದಮೊದಲು ಮನಸ್ಸಿನಲ್ಲಿ ಹೇಳಿಕೊಂಡಳು. ‘ಈ’ಗೆ ಬರುವ ಹೊತ್ತಿಗೆ ಬಾಯಿಬಿಟ್ಟು ಹೇಳತೊಡಗಿದ್ದಳು. ಒಂದು ದಿನ ದರ್ಜಿಯಮ್ಮ ಮೆಟ್ಟಿಲ ಬುಡದಿಂದ, ಮೇಲೆ ಯಾರಾದರೂ ಬಂದಿದ್ದಾರಾ ಎಂದು ಕೇಳಿದಳು. ಇಲ್ಲ ಎಂದು ಬಾಗಿಲು ಹಾಕಿಕೊಂಡ ಮೇಲೆ ಬಾಯಿಬಿಡುವುದನ್ನೂ ನಿಲ್ಲಿಸಿದಳು.

ಇ-೪ ಬಂದ ದಿನ ಅವಳು ಹಲ್ಲು ಕಚ್ಚಿಕೊಂಡೇ ಕೂತಿದ್ದಳು. ಇಳಿಹೊತ್ತಿನ ಕೊಳಲನ್ನು ಮೂವತ್ತು ವರ್ಷ ಒಲ್ಲದ ಕಿವಿಯಿಂದ ಕೇಳಿದವಳು; ಅಕ್ಕ ಅದನ್ನು ಹಾಕಿದಾಗ ಅಡುಗೆಮನೆಗೆ ಎದ್ದುಹೋಗುತ್ತಿದ್ದವಳು. ಮೊದಲ ಸಲ ಪೂರ್ತಿ ಕೇಳಿದಳು. ಆಗಲೂ ಅದು ಅವಳಿಗೆ ಇಷ್ಟವಾಗಲಿಲ್ಲ. ಆದರೆ ಎರಡನೆಯ ಮಗ್ಗುಲಿನ ಕೊನೆಯಲ್ಲಿ ಕೊಳಲು ನಿಂತು, ವಾದಕ ಕೊಳಲನ್ನು ಮೇಜಿನ ಮೇಲೆ ಇಟ್ಟ ಸಣ್ಣ ಟಕ್ಕೆಂಬ ಸದ್ದು ಕೇಳಿಸಿತು. ಕಾರ್ಡು ತೆಗೆದು ನೋಡಿದಳು. ದೋಷದ ಸಾಲಿನಲ್ಲಿ ಅಕ್ಕ ಬರೆದಿದ್ದಳು: ‘ಕೊನೆಯಲ್ಲಿ ಕೊಳಲು ಕೆಳಗಿಟ್ಟ ಸದ್ದು. ಇದಕ್ಕಾಗಿ ಪೂರ್ತಿ ಕೇಳಬಹುದು.’ ಇಷ್ಟು ವರ್ಷ ಅಕ್ಕ ಕಾಯುತ್ತಿದ್ದದ್ದು ಯಾವುದಕ್ಕೆಂದು ಅಡುಗೆಮನೆಯಲ್ಲಿ ಕೂತವಳಿಗೆ ಗೊತ್ತಾಗಿರಲಿಲ್ಲ.

ಆದರೆ ಅವಳನ್ನು ನಿಜವಾಗಿ ಕಾಡಿದ್ದು ‘ನೋಡಿ’ಗಳು. ಪ್ರತಿ ಎರಡನೆಯ ಕಾರ್ಡು ಅವಳನ್ನು ಆ ಮನೆಗೆ ಕಳಿಸುತ್ತಿತ್ತು. ಇದೇ ಗಾಯಕಿ, ನೋಡಿ: ಪ-೭. ಇದೇ ರಾಗ ಹೆಚ್ಚು ಚೆನ್ನಾಗಿ, ನೋಡಿ: ಸ-೨. ಈ ಹಾಡಿಗೆ ಉತ್ತರ, ನೋಡಿ: ಹ-೯. ಎ-೩, ‘ಎರಡು ಪಿಟೀಲು’: ಇದೇ ಇಬ್ಬರ ಜೊತೆ ಮೂರನೆಯವನು, ನೋಡಿ: ಮ-೧೪. ಡೈರೆಕ್ಟರಿಯಲ್ಲಿ ‘ನೋಡಿ’ ಎಂದು ಹೇಳಿದ ಮೇಲೆ ಅಲ್ಲಿ ಹೆಸರು ಇರಲೇಬೇಕು. ಇಲ್ಲದಿದ್ದರೆ ಅದು ಓದುವವನಿಗೆ ಮಾಡಿದ ಮೋಸ. ಅವಳು ಒಂದು ನೋಟ್‌ಪುಸ್ತಕ ಮಾಡಿ, ಅಂಥವನ್ನೆಲ್ಲ ಬರೆದಿಡತೊಡಗಿದಳು. ಯಾತಕ್ಕೆಂದು ತನ್ನನ್ನು ಕೇಳಿಕೊಳ್ಳಲಿಲ್ಲ. ‘ಕ’ ಮುಗಿಯುವಾಗ ನಲವತ್ತು ಆಗಿದ್ದವು, ‘ಜ’ ಮುಗಿಯುವಾಗ ಎಂಬತ್ತಾರು. ಅಕ್ಷರಕ್ಕೆ ಪಕ್ಷಪಾತವಿಲ್ಲ ಎಂದು ತಾನು ಆಡಿದ ಮಾತಿನಲ್ಲಿ ಎಲ್ಲೋ ಒಂದು ಲೆಕ್ಕ ತಪ್ಪಿತ್ತು. ಅಕ್ಷರದ ಪ್ರಕಾರ ಇಟ್ಟದ್ದು ಹುಡುಕಲು ಸುಲಭವಾಗಲೆಂದು, ಕತ್ತರಿಸಲು ಸುಲಭವಾಗಲೆಂದಲ್ಲ.

ದರ್ಜಿಯಮ್ಮನಿಗೆ ಈ ಕ್ರಮ ತಿಳಿದುಹೋಗಿತ್ತು. ದಿನವೂ ನೀರು ಹಿಡಿಯುವಾಗ, ಇವತ್ತು ಯಾವ ಅಕ್ಷರ ಎಂದು ವಿಚಾರಿಸುತ್ತಿದ್ದಳು. ಒಂದು ಬೆಳಿಗ್ಗೆ, ನಾಳೆಗೆ ಡ-೨, ಮುಗಿಯಿತು ಎಂದು ಇವಳು ಹೇಳಿದಾಗ ಅವಳು ಬಿಂದಿಗೆ ಕೆಳಗಿಟ್ಟಳು.

“ಡ ಆದ್ಮೇಲೆ?”

“ಏನೂ ಇಲ್ಲ.”

“ಅಲ್ಲಿಗೇ ಮುಗಿಯಲ್ವಲ್ಲಮ್ಮ ಅಕ್ಷರಮಾಲೆ. ನಾನು ಮೂರನೇ ಕ್ಲಾಸು ಓದಿದೋಳು, ನನಗೇ ಗೊತ್ತು.”

“ನಮ್ಮನೇಲಿ ಅಲ್ಲಿಗೇ ಮುಗಿಯುತ್ತೆ.”

“ಮುಗಿಯಲ್ಲ,” ಎಂದಳು ದರ್ಜಿಯಮ್ಮ, “ಮುಗಿಸ್ತೀರ,” ಎಂದು ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ನೂರ ಎಂಬತ್ತಮೂರನೆಯ ದಿನ ಅವಳು ಡೋಲಿನ ತಟ್ಟೆಯನ್ನು ಎಳೆದಳು. ಅದು ಕೆಳಗಿನ ಅರೆಯ ಕೊನೆಯದು. ಅದರ ಹಿಂದೆ ಅಲಮಾರಿನ ಹಲಗೆ ಮಾತ್ರ ಇರಬೇಕಿತ್ತು. ಹಲಗೆಗೆ ಒರಗಿಕೊಂಡು ಇನ್ನೊಂದು ಚೀಲ ನಿಂತಿತ್ತು, ನೀಲಿ ಅಂಚಿನದು. ಓದುವ ಅಗತ್ಯವಿರಲಿಲ್ಲ. ಮೂರು ಪಿಟೀಲು.

ಅವಳಿಗೆ ಮೊದಲು ಬಂದ ಭಾವನೆ ದುಃಖವಲ್ಲ, ಪ್ರೀತಿಯೂ ಅಲ್ಲ. ಶುದ್ಧ ಗೆಲುವು. ‘ಡ’ದ ಹಿಂದೆ ‘ಮ’! ಮೂವತ್ತಮೂರು ವರ್ಷ ತಪ್ಪದವಳು ಕೊನೆಯ ದಿನ ತಪ್ಪಿದ್ದಳು. ತನ್ನ ಎರಡು ತಾರೀಖುಗಳಿಗೆ ಉತ್ತರವಾಗಿ ಒಂದು ತಾರೀಖು ಸಿಕ್ಕಿತ್ತು. ಈ ಸಂತೋಷ ಅರ್ಧ ನಿಮಿಷ ಇದ್ದಿರಬಹುದು. ಅಷ್ಟರಲ್ಲಿ ಚೀಲದೊಳಗಿಂದ ಕಾರ್ಡು ಜಾರಿ ನೆಲಕ್ಕೆ ಬಿತ್ತು. ಪೆಟ್ಟಿಗೆಯಲ್ಲಿರಬೇಕಾದ ಕಾರ್ಡು ಚೀಲದೊಳಗೆ ಏಕೆ ಬಂತು? ಕೊನೆಯ ಸಾಲಿನಲ್ಲಿ ಹಳೆಯ ಶಾಯಿಯಲ್ಲಿ ‘ನೋಡಿ: ಎ-೩’ ಎಂದಿತ್ತು. ಅದರ ಕೆಳಗೆ ಹೊಸ ಶಾಯಿಯಲ್ಲಿ, ಅದೇ ಅಕ್ಷರದಲ್ಲಿ, ಇನ್ನೊಂದು ‘ನೋಡಿ’. ಅದರ ಮುಂದೆ ಒಂದು ಟೆಲಿಫೋನ್ ನಂಬರು. ಬೇರೆ ಒಂದು ಮಾತಿಲ್ಲ.

ಊರಿನ ಸಾವಿರಾರು ನಂಬರುಗಳು ಅವಳ ತಲೆಯಲ್ಲಿದ್ದವು. ಸತ್ತವರವೂ ಇದ್ದವು. ಈ ಒಂದು ನಂಬರು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅಕ್ಕನ ಹೊಸ ಮನೆಗೆ ಹೊಸದಾಗಿ ಬಂದ ಲೈನಿರಬೇಕು; ಅವಳು ಹೋದ ವರ್ಷದಿಂದ ಡೈರೆಕ್ಟರಿ ಅಚ್ಚಾಗಲಿಲ್ಲವಾದ್ದರಿಂದ ಅದು ಎಲ್ಲೂ, ತಿದ್ದುಪಡಿ ಪುಟದಲ್ಲೂ, ಬಂದಿರಲಿಲ್ಲ.

ಅವಳು ತಟ್ಟೆಯನ್ನು ಹಾಕಲಿಲ್ಲ. ಅದರ ಸರದಿ ಬಂದಿರಲಿಲ್ಲ. ಅಂದಿನ ಸರದಿ ಡೋಲಿನದು. ಎರಡೂ ಮಗ್ಗುಲು ಕೇಳಿ, ಕಾರ್ಡಿನ ಹಿಂದೆ ತಾರೀಖು ಬರೆದಳು. ಆ ಮೇಲೆ ಫೋನಿನ ಹತ್ತಿರ ಹೋಗಿ ನಂಬರು ತಿರುಗಿಸಿದಳು. ಗಂಟೆ ಹೋಗಲಿಲ್ಲ. ಉದ್ದನೆಯ ಒಂದೇ ಸ್ವರ ಬಂತು. ಬೇರೆಯವರಾದರೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದರು. ಅವಳಿಗೆ ಆ ಸ್ವರದ ಅರ್ಥ ಗೊತ್ತಿತ್ತು: ಈ ಲೈನನ್ನು ಕಚೇರಿಗೆ ವಾಪಸು ಒಪ್ಪಿಸಿ ಬಹಳ ಕಾಲವಾಗಿದೆ. ಏಕೆ ಒಪ್ಪಿಸಿದರು ಎಂಬುದನ್ನು ಸ್ವರ ಹೇಳುವುದಿಲ್ಲ.

ಆ ರಾತ್ರಿ ಅವಳು ಹೇಗೆ ಕಳೆದಳೆಂಬುದು ಬೇಡ. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ತಟ್ಟೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ನೋಟ್‌ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಆರು ನಿಲ್ದಾಣ ಎಷ್ಟು ದೂರ ಎಂದರೆ ಟಿಕೆಟ್ಟು ಮಡಚಿ ಕೈಗಡಿಯಾರದ ಪಟ್ಟಿಗೆ ಸಿಕ್ಕಿಸುವಷ್ಟರಲ್ಲಿ ಇಳಿಯುವ ಜಾಗ ಬಂತು. ವಿಳಾಸ ಮದುವೆಯ ಕಾಗದದಲ್ಲಿ ಇತ್ತು. ಆ ಕಾಗದವನ್ನು ಅವಳು ಹರಿದಿರಲಿಲ್ಲ. ಬೀದಿಗೆ ತೆರೆದ ಕಿರಿದಾದ ಮನೆ, ಕೆಳಗೆ ಮುಚ್ಚಿದ ಗಡಿಯಾರದಂಗಡಿ, ಬದಿಯಲ್ಲಿ ಬಾಗಿಲು. ತಟ್ಟಿದಳು.

ಬಾಗಿಲು ತೆಗೆದದ್ದು ಅಕ್ಕನೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ಗಡ್ಡ ಹೆರೆಯುವ ಬ್ರಷ್ಷು, ಅದರ ತುಂಬ ನೊರೆ. ತಂಗಿಯ ಮುಖ ನೋಡಲಿಲ್ಲ, ಅವಳ ಕಂಕುಳಲ್ಲಿದ್ದ ಚೌಕಾಕಾರದ ಪೊಟ್ಟಣ ನೋಡಿದಳು.

“ತಪ್ಪು ಜಾಗದಲ್ಲಿ ಇಟ್ಟಿದ್ದೆ ನೀನು,” ಎಂದಳು ತಂಗಿ. “ಡ ಹಿಂದೆ ಮ.”

“ಆರು ವರ್ಷ ಬೇಕಾಯ್ತಾ ಅದು ಸಿಗೋಕೆ?”

“ಅಲಮಾರು ತೆಗೀಲಿಲ್ಲ.”

ಅಕ್ಕ ಮೊದಲ ಸಲ ಅವಳ ಮುಖ ನೋಡಿದಳು. “ಡೋಲು ಹಾಕ್ಲಿಲ್ವಾ ನೀನು? ಅವತ್ತು?”

“ಇಲ್ಲ.”

“ಸಿಟ್ಟು ಬಂದಾಗೆಲ್ಲ ಹಾಕ್ತಿದ್ದೆ ನೀನು. ಅದಕ್ಕೇ ಅದರ ಹಿಂದೆ ಇಟ್ಟೆ. ನಾನು ಮೆಟ್ಟಿಲು ಇಳಿಯೋದ್ರೊಳಗೆ ಹಾಕ್ತೀಯ ಅಂದ್ಕೊಂಡಿದ್ದೆ.” ನೊರೆ ಅವಳ ಮಣಿಕಟ್ಟಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಸಿಕ್ಕೂ ಸುಮ್ಮನಿದ್ದಾಳೆ ಅಂದ್ಕೊಂಡೆ.”

ಒಬ್ಬಳು ಇನ್ನೊಬ್ಬಳನ್ನು ತಟ್ಟೆ ಕದ್ದವಳೆಂದು ಆರು ವರ್ಷ ದ್ವೇಷಿಸಿದ್ದಳು. ಆ ಇನ್ನೊಬ್ಬಳು, ಕೊಟ್ಟರೂ ಕರಗದವಳೆಂದು ಇವಳನ್ನು ಕೈಬಿಟ್ಟಿದ್ದಳು. ತಟ್ಟೆ ಮಾತ್ರ ತಾನಿದ್ದ ಜಾಗದಲ್ಲೇ ಇತ್ತು.

ಒಳಗೆ, ಮುಂದಿನ ಕೋಣೆಯಲ್ಲೇ ಮಂಚ ಹಾಕಿತ್ತು. ಭಾವ ದಿಂಬಿಗೆ ಒರಗಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮಾತು ನಿಧಾನವಾಗಿತ್ತು, ಬುದ್ಧಿ ಆಗಿರಲಿಲ್ಲ. ನಾದಿನಿಯನ್ನು ನೋಡಿ, ಗೋಡೆಯ ಮೇಲಿನ ಗಡಿಯಾರದ ಕಡೆ ಬಲಗೈ ತೋರಿಸಿ, “ಸ್ವಲ್ಪ ತಡವಾಯ್ತು,” ಎಂದ. ಅದು ತಮಾಷೆಯೆಂದು ಅರ್ಥವಾಗಲು ತಂಗಿಗೆ ಒಂದು ಕ್ಷಣ ಬೇಕಾಯಿತು.

ಅಕ್ಕ ಅವನ ಉಳಿದರ್ಧ ಗಡ್ಡ ಹೆರೆಯುತ್ತಲೇ ಮಾತಾಡಿದಳು. ತಂಗಿ ಸ್ಟೂಲಿನ ಮೇಲೆ ಕೂತು, ಆರು ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆ ಕೇಳಿದಳು. ಎರಡನೆಯ ಪಾಲನ್ನೇ ಏಕೆ ಆರಿಸಿದೆ?

“ಮೊದಲನೇದ್ರಲ್ಲಿ ಹದಿನೈದು ಜಾಸ್ತಿ ಇತ್ತು,” ಎಂದಳು ಅಕ್ಕ. “ಎಣಿಸೋಕೂ ಬರಲ್ವಾ ನಿನಗೆ?”

ತಂಗಿ ನೋಟ್‌ಪುಸ್ತಕ ತೆಗೆದಳು. ತೊಂಬತ್ತೊಂದು ‘ನೋಡಿ’ಗಳು ಇದ್ದವು. ಕೇಳುವುದನ್ನು ಅವಳು ಅಭ್ಯಾಸ ಮಾಡಿದವಳಲ್ಲ; ಪುಸ್ತಕವನ್ನು ಅಕ್ಕನ ಕಡೆ ಚಾಚಿದಳು, ಅಷ್ಟೆ. ಅಕ್ಕ ಕೈ ಒರೆಸಿಕೊಂಡು ಪುಟ ತಿರುವಿ, ಕೊನೆಯವರೆಗೂ ಓದಿ, ಮುಚ್ಚಿ ಹಿಂದಕ್ಕೆ ಕೊಟ್ಟಳು.

“ಇಲ್ಲ,” ಎಂದಳು. “ಮಾರಿದೆ.”

ಅವಳು ವಿವರಿಸಿದ್ದು ಇಷ್ಟೇ. ಗಂಡನಿಗೆ ಮೆಟ್ಟಿಲು ಹತ್ತಲಾಗದು. ಮಂಚ ಕೆಳಗೆ ಬರಬೇಕಿತ್ತು. ಮಂಚದ ಜಾಗದಲ್ಲಿ ತಟ್ಟೆಗಳ ಕಪಾಟು ಇತ್ತು. ಎರಡು ವರ್ಷ ಕಾದಿದ್ದಾಗಿತ್ತು, ಯಾರೂ ಬಂದಿರಲಿಲ್ಲ. ಹಳೆಯ ಸಾಮಾನಿನವನು ಗಾಡಿ ತಂದು ಒಂದೇ ಸಲಕ್ಕೆ ಒಯ್ದ. ಆಸ್ಪತ್ರೆಯ ಓಡಾಟದಲ್ಲಿ ಫೋನಿನ ಲೈನನ್ನೂ ಒಪ್ಪಿಸಿದ್ದರು, ಈಗ ಕೈಯಲ್ಲಿ ಹಿಡಿಯುವ ಫೋನೇ ಸಾಕು. ಇದನ್ನೆಲ್ಲ ಹೇಳುವಾಗ ಅಕ್ಕನ ದನಿಯಲ್ಲಿ ಕ್ಷಮೆ ಕೇಳುವ ಧಾಟಿಯಿರಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ.

ತಂಗಿ ಮಂಚ ನಿಂತ ಜಾಗವನ್ನು ನೋಡಿದಳು. ‘ತ’ದಿಂದ ‘ಹ’ದವರೆಗೆ, ಸುಮಾರು ಒಂದು ಮಂಚದಷ್ಟು ಉದ್ದ.

ಹೊರಡುವ ಹೊತ್ತಿಗೆ ಅಕ್ಕ ಮಹಡಿಗೆ ಹೋಗಿ ಒಂದು ಉದ್ದನೆಯ ರಟ್ಟಿನ ಡಬ್ಬ ತಂದಳು. ಪಾದರಕ್ಷೆಯ ಡಬ್ಬ, ದಾರ ಕಟ್ಟಿದ್ದು. “ಇದನ್ನ ಆ ಸಾಮಾನಿನವನು ಕೇಳ್ದ. ಕೊಡಲಿಲ್ಲ,” ಎಂದಳು. ಒಳಗೆ ಕಾರ್ಡುಗಳಿದ್ದವು. ತ-೧ರಿಂದ ಕೊನೆಯವರೆಗೆ, ನೂರ ಅರವತ್ತೇಳು. ತಂಗಿಯ ಬೆರಳು ತಾನಾಗಿಯೇ ಅವುಗಳ ನೆತ್ತಿಯ ಮೇಲೆ ಓಡಿ, ‘ಮ’ದಲ್ಲಿ ಹದಿಮೂರಕ್ಕೂ ಹದಿನೈದಕ್ಕೂ ನಡುವಿನ ಖಾಲಿಯಲ್ಲಿ ನಿಂತಿತು. ತನ್ನ ಚೀಲದಿಂದ ಆ ಕಾರ್ಡು ತೆಗೆದು ಅಲ್ಲಿ ಇಡಲು ಹೋದಳು. ಅಕ್ಕ ಅದನ್ನು ಕೈಯಿಂದ ತೆಗೆದುಕೊಂಡು, ಹಳೆಯ ನಂಬರನ್ನು ಒಂದು ಗೆರೆಯಿಂದ ಹೊಡೆದು, ಕೆಳಗೆ ಹೊಸದು ಬರೆದು, ಅದರ ಜಾಗದಲ್ಲಿಟ್ಟು ಡಬ್ಬವನ್ನು ತಂಗಿಯ ಕೈಗೆ ಕೊಟ್ಟಳು.

“ತಟ್ಟೆ ಕೇಳಿದ್ಯಾ?”

“ಸರದಿ ಬಂದಿಲ್ಲ. ಮೂರು ತಿಂಗಳ ಮೇಲಾಗುತ್ತೆ.”

ಅಕ್ಕ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮನಸ್ಸಿನಲ್ಲೇ ಅಕ್ಷರಗಳನ್ನು ಎಣಿಸಿದಳು. “ಅವತ್ತು ಇವರನ್ನ ನೋಡ್ಕೊಳ್ಳೋಕೆ ಯಾರಾದ್ರೂ ಸಿಕ್ಕರೆ ಬರ್ತೀನಿ,” ಎಂದಳು. “ಸಿಗದೇನೂ ಇರಬಹುದು.”

ತಂಗಿ ಆಗಲಿ ಎಂದಳು. ಬಾಗಿಲಲ್ಲಿ ಇಬ್ಬರೂ ಒಂದು ಗಳಿಗೆ ನಿಂತರು, ಮೊದಲು ಯಾರು ಸರಿಯಬೇಕೆಂದು ತಿಳಿಯದೆ. ತಿದ್ದುಪಡಿ ಪುಟದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಬಸ್ಸಿನಲ್ಲಿ ಬರುವಾಗ ಅವಳು ನಿಶ್ಚಯಿಸಿದ್ದಳು. ಒಳಗಿನಿಂದ ಭಾವ ನೀರು ಕೇಳಿದ. ಅಕ್ಕ ಹೋದಳು.

ಮರುದಿನ ಹತ್ತು ಗಂಟೆಗೆ ಅವಳು ಕುರ್ಚಿಯ ಮೇಲೆ ಕೂತಳು. ತ-೧, ‘ತಂಪು ಹೊತ್ತಿನ ಹಾಡುಗಳು.’ ಕಾರ್ಡನ್ನು ಪ್ಲೇಯರಿಗೆ ಒರಗಿಸಿ ನಿಲ್ಲಿಸಿದಳು. ಪ್ಲೇಯರಿನ ಮೇಲೆ ಏನೂ ಇರಲಿಲ್ಲ, ಆದ್ದರಿಂದ ಗುಂಡಿ ಒತ್ತಲಿಲ್ಲ. ದೋಷದ ಸಾಲಿನಲ್ಲಿ ಬರೆದಿತ್ತು: ‘ಮೊದಲ ಹಾಡಿನಲ್ಲಿ ಗಾಯಕಿಗೆ ನೆಗಡಿ. ಆದರೂ ಬಿಡಲಿಲ್ಲ.’ ಓದುತ್ತಲೇ ಆ ಮೂಗುದನಿ ಕಿವಿಗೆ ಬಂತು, ಅದರ ಹಿಂದೆ ಪಲ್ಲವಿ, ಅದರ ಹಿಂದೆ ಎರಡನೆಯ ಹಾಡು. ಮೊದಲ ಮಗ್ಗುಲಿನ ನಾಲ್ಕೂ ಹಾಡುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಕೆಳಗೆ ದರ್ಜಿಯಮ್ಮನ ಯಂತ್ರ ನಿಂತಿತು. ಏನಾದರೂ ಕೇಳೀತೆಂದು ಕಾಯುತ್ತಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಎರಡನೆಯ ಮಗ್ಗುಲು ನೆನಪಾಗಲಿಲ್ಲ. ಎಷ್ಟು ಕೂತರೂ ಬರಲಿಲ್ಲ. ಅದು ಯಾವಾಗಲೂ ಅವಳು ಅಡುಗೆಮನೆಗೆ ಎದ್ದುಹೋಗುವ ಹೊತ್ತು. ಅದನ್ನು ಅಕ್ಕನನ್ನೇ ಕೇಳಬೇಕು.

ಎದ್ದು ಮ-೧೪ರ ಕಾರ್ಡು ತೆಗೆದು ಫೋನಿನ ಪಕ್ಕದಲ್ಲಿಟ್ಟಳು. ಹತ್ತೂ ಮುಕ್ಕಾಲಾಗಿತ್ತು. ಈ ಹೊತ್ತಿನಲ್ಲಿ ಅಕ್ಕನ ಕೈ ತುಂಬ ನೊರೆ ಇರುತ್ತದೆ. ಹನ್ನೊಂದಾಗಲಿ ಎಂದು ಅವಳು ಫೋನಿನ ಎದುರು ಕಾಯುತ್ತ ಕೂತಳು.